ಬಸಿಗಾಲುವೆ ಬಾಗಿದ ವರ್ಷ

ಮೊನ್ನೆ ಮಂಡ್ಯದಲ್ಲಿ ಗೆಳತಿಯೊಬ್ಬಳ ಮನೆಗೆ ಹೋಗಿದ್ದೆ. ಮಧ್ಯಾಹ್ನಕ್ಕೆ ಮುದ್ದೆ ಮಾಡುತ್ತೇನೆಂದು ಅವಳು ಉಗ್ರಾಣದ ಬಾಗಿಲು ತೆಗೆದಳು. ಮೂಲೆಯಲ್ಲಿದ್ದ ರಾಗಿ ಮೂಟೆಗೆ ಎಲ್ಲಿಂದಲೋ ನೀರು ಇಳಿದಿತ್ತು. ಮುಗ್ಗಿದ ರಾಗಿಯ ಆ ಹುಳಿ ವಾಸನೆ ಮೂಗಿಗೆ ಹೊಡೆದದ್ದೇ ತಡ, ನನಗೆ ಗೊತ್ತಿಲ್ಲದ ಹಾಗೆ ಕಾಲ ಕೆಳಗಿನ ನೆಲ ನೋಡಿಕೊಂಡೆ. ನೆಲ ಒಣಗಿಯೇ ಇತ್ತು. ಯಾಕೆ ಹಾಗೆ ನಿಂತುಬಿಟ್ಟೆ ಎಂದು ಗೆಳತಿ ಕೇಳಿದಳು. ಏನಿಲ್ಲ ಅಂದೆ. ಆ ಹೊತ್ತಿಗೆ ನಾನು ಇದೇ ಜಿಲ್ಲೆಯ ಕೊಪ್ಪದ ಕಡೆಯ ಒಂದು ಊರಿನ ಪಡಸಾಲೆಯಲ್ಲಿ, ಇಪ್ಪತ್ತೆರಡು ವರ್ಷದವಳಾಗಿ, ಸೀರೆಯ ನೆರಿಗೆ ಎತ್ತಿ ಹಿಡಿದು ನಿಂತಿದ್ದೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಮಳವಳ್ಳಿಯ ಅರ್ಚಕರ ಮನೆಯ ಹುಡುಗಿ. ಟೀಚರ್ ಟ್ರೈನಿಂಗ್ ಮುಗಿಸಿ, ಮೊದಲ ನೌಕರಿಯೆಂದು ಜೂನ್ ತಿಂಗಳಲ್ಲಿ ಆ ಊರಿಗೆ ಹೋದೆ. ಊರಿನ ಹೆಸರು ಬೇಡ. ಅಲ್ಲಿದ್ದವರ ಮಕ್ಕಳು ಮೊಮ್ಮಕ್ಕಳು ಈಗಲೂ ಅಲ್ಲೇ ಇದ್ದಾರೆ. ಬಸ್ಸಿಳಿದು ನಾಲೆಯ ಏರಿ ಹಿಡಿದು ನಡೆದರೆ ಗದ್ದೆ, ಕಬ್ಬು ದಾಟಿದ ಮೇಲೆ ತಗ್ಗಿನಲ್ಲಿ ಹೆಂಚಿನ ಸೂರುಗಳು ಕಾಣುತ್ತಿದ್ದವು. ಏರಿಯ ಮೇಲೆ ನಿಂತು ನೋಡಿದರೆ ಒಂದು ಸಂಗತಿ ಎದೆ ಝಲ್ಲೆನ್ನಿಸುತ್ತಿತ್ತು. ನಾಲೆಯ ನೀರು ಊರಿನ ಸೂರುಗಳಿಗಿಂತ ಎತ್ತರದಲ್ಲಿ ಹರಿಯುತ್ತಿತ್ತು.

ಊರಿನವರು ಆ ನಾಲೆಯನ್ನು ದೇವರೆಂದೇ ತಿಳಿದಿದ್ದರು. ನಾಲೆ ಬರುವ ಮುಂಚೆ ಅದು ರಾಗಿ ಹುರುಳಿಯ ಊರು. ನೀರು ಬಂದ ಮೇಲೆ ಭತ್ತ, ಕಬ್ಬು, ಕೈಯಲ್ಲಿ ನಾಲ್ಕು ಕಾಸು, ಹೆಂಚಿನ ಮನೆ. ಆದರೆ ನೀರು ಬರಲು ದಾರಿ ಮಾಡಿದವರು ಹೋಗಲು ದಾರಿ ಮಾಡಿರಲಿಲ್ಲ. ಒಂದು ತಲೆಮಾರಿನಷ್ಟು ಕಾಲ ಭೂಮಿ ಕುಡಿಯಿತು. ಆಮೇಲೆ ಅದಕ್ಕೆ ಸಾಕಾಯಿತು.

ಚಿಕ್ಕೇಗೌಡರ ಮನೆಯ ಹೊರಕೋಣೆ ನನಗೆ ಬಿಡಾರ. ಪಟೇಲಿಕೆ ಹೋಗಿ ಬಹಳ ವರ್ಷವಾಗಿದ್ದರೂ ಊರು ಅವರನ್ನು ಪಟೇಲರೆಂದೇ ನಡೆಸಿಕೊಳ್ಳುತ್ತಿತ್ತು. ಕಡಿಮೆ ಮಾತಿನ, ದೊಡ್ಡ ಮೈಕಟ್ಟಿನ ಮನುಷ್ಯ. ಮನೆಯಲ್ಲಿ ಅವರ ಹೆಂಡತಿ, ಮತ್ತು ತಾಯಿ ದೊಡ್ಡತಾಯಮ್ಮ. ಅಜ್ಜಿಗೆ ಹಿಂದೆ ಯಾವಾಗಲೋ ಬಲಗಾಲು ಮುರಿದು ಸರಿಯಾಗಿ ಕೂಡಿರಲಿಲ್ಲ, ಎಳೆದುಕೊಂಡು ನಡೆಯುತ್ತಿದ್ದರು.

ಮೊದಲ ರಾತ್ರಿ ಚಾಪೆ ಹಾಸಿ ಮಲಗಿದೆ. ಬೆಳಿಗ್ಗೆ ಎದ್ದು ಚಾಪೆ ಸುತ್ತಿದರೆ ಕೆಳಗಿನ ನೆಲ ನನ್ನ ಮೈಯ ಆಕಾರದಲ್ಲೇ ಒದ್ದೆಯಾಗಿತ್ತು. ತಲೆ, ಭುಜ, ಮಡಿಸಿದ ಮೊಣಕಾಲು. ನನಗಿಂತ ಮುಂಚೆ ಯಾರೋ ಅಲ್ಲಿ ಮಲಗಿ ಎದ್ದು ಹೋದ ಹಾಗಿತ್ತು. ಅಜ್ಜಿ ಬಾಗಿಲಲ್ಲಿ ನಿಂತು ನೋಡಿ, ಮಂಚ ಕೊಡಿಸುತ್ತೇನೆ, ಈ ಊರಲ್ಲಿ ಯಾರೂ ನೆಲಕ್ಕೆ ಮೈ ಕೊಡುವುದಿಲ್ಲ ಅಂದರು. ಟ್ರಂಕಿನ ಕೆಳಗೆ ಇಟ್ಟಿಗೆ ಇಟ್ಟುಕೊಟ್ಟರು.

ಚಾವಡಿಯಲ್ಲೇ ಶಾಲೆ. ಅಲ್ಲೂ ಹಾಗೆಯೇ. ಗೋಡೆಗಳು ಮೊಣಕಾಲೆತ್ತರದವರೆಗೆ ಕಪ್ಪಾಗಿ, ಅದರ ಮೇಲೆ ಉಪ್ಪು ಬಿಳಿಯ ಹೂವಿನಂತೆ ಅರಳಿತ್ತು. ಒಂದು ದಿನ ಮಗ್ಗಿ ಹೇಳಿಸುತ್ತಿದ್ದಾಗ ನೆಲದ ಬಿರುಕಿನಿಂದ ನಳ್ಳಿಯೊಂದು ಮೇಲೆ ಬಂತು. ಮಕ್ಕಳ ಸಾಲುಗಳ ನಡುವೆ ನಿಧಾನವಾಗಿ ಅಡ್ಡಡ್ಡ ನಡೆದು, ಹಿಂದಿನ ಕಿಟಕಿಯ ಕೆಳಗಿನ ಇನ್ನೊಂದು ಬಿರುಕಿನಲ್ಲಿ ಇಳಿದು ಹೋಯಿತು. ಒಂದು ಮಗುವೂ ಮಗ್ಗಿ ನಿಲ್ಲಿಸಲಿಲ್ಲ. ನಿಲ್ಲಿಸಿದವಳು ನಾನು.

ಆ ಕಿಟಕಿಯಾಚೆ ಊರಿನ ಮಸಣ. ನಮ್ಮಲ್ಲಿ ಸುಡುತ್ತಾರೆ, ಅವರಲ್ಲಿ ಹೂಳುತ್ತಾರೆ. ತಗ್ಗಿನ ಜಾಗ, ಒಂದೆರಡು ಹುಣಸೆ ಮರ, ಹಸಿರು ಹುಲ್ಲು. ಊರಲ್ಲಿ ಎಲ್ಲೂ ಇಲ್ಲದಷ್ಟು ಹಸಿರು.

ಇನ್ನು ಆ ಸದ್ದು. ಹಿಂದೆ ಅಲ್ಲಿ ಮನೆಮನೆಯ ಮುಂದೆ, ಚಾವಡಿಯಡಿಯಲ್ಲೂ, ನೆಲದೊಳಗೆ ಹಗೇವು ತೋಡಿ ವರ್ಷಗಟ್ಟಲೆ ರಾಗಿ ತುಂಬಿಡುತ್ತಿದ್ದರು. ಕತ್ತು ಸಣ್ಣ, ಒಳಗೆ ಒಂದು ಕೋಣೆಯಷ್ಟು ಹೊಟ್ಟೆ. ನೀರು ಮೇಲೇರಿದಾಗ ಎಷ್ಟೋ ಹಗೇವುಗಳಲ್ಲಿ ರಾಗಿ ಇದ್ದ ಹಾಗೆಯೇ ಕೊಳೆಯಿತು. ತೆಗೆಯಲು ಇಳಿದ ಇಬ್ಬರು ಕೆಟ್ಟ ಗಾಳಿಗೆ ಸತ್ತ ಮೇಲೆ ಬಾಯಿಗೆ ಚಪ್ಪಡಿ ಮುಚ್ಚಿ ಬಿಟ್ಟಿದ್ದರು. ಮಧ್ಯಾಹ್ನದ ಹೊತ್ತು, ಗಂಡಸರು ಗದ್ದೆಯಲ್ಲಿರುವಾಗ, ಬೀದಿ ನಿಶ್ಶಬ್ದವಾದಾಗ, ಚಪ್ಪಡಿಗಳ ಕೆಳಗಿನಿಂದ ಗುಳುಕ್ ಎಂಬ ಸದ್ದು ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು ಮನೆಯ ಮುಂದಿನಿಂದ. ಒಂದಕ್ಕೊಂದು ಉತ್ತರ ಕೊಟ್ಟ ಹಾಗೆ. ಅದರ ಹಿಂದೆಯೇ ಆ ವಾಸನೆ.

ನಾನು ಬೆಚ್ಚಿದ್ದು ಕಂಡು ಅಜ್ಜಿ, ‘ಅಗೇವು ಉಸ್ರಾಡ್ತೈತೆ ಕಣವ್ವ’ ಅಂದರು. ‘ನಮ್ ಕಾಲದಾಗೆ ರಾಗಿ ತಿಂದ್ಕಂಡು ಸುಮ್ಕಿತ್ತು. ಈಗ ನೀರು ಕುಡುದು ಕುಡುದು ಸಾಕಾಗೈತೆ ಅದ್ಕೆ.’

ಕಾರ್ತಿಕದಲ್ಲಿ ಎದುರು ಮನೆಯ ಪುಟ್ಟಮ್ಮನ ಕೂಸು ಸತ್ತಿತು. ಇನ್ನೂ ಹೆಸರಿಟ್ಟಿರಲಿಲ್ಲ. ಪುಟ್ಟಮ್ಮ ನನ್ನ ವಾರಗೆಯವಳು, ಗಟ್ಟಿ ದನಿಯ ಹೆಂಗಸು, ದಿನಾ ಸಂಜೆ ನನಗೆ ಹಾಲು ತಂದುಕೊಡುತ್ತಿದ್ದಳು. ಆ ಮಳೆಗಾಲದಲ್ಲಿ ಊರಿನ ಅರ್ಧ ಮನೆಗಳಲ್ಲಿ ಚಳಿಜ್ವರವಿತ್ತು. ಮಸಣಕ್ಕೆ ಹೆಂಗಸರು ಹೋಗುವ ಪದ್ಧತಿಯಿಲ್ಲ. ಶಾಲೆಗೆ ರಜಾ ಕೊಟ್ಟು ನಾನೊಬ್ಬಳೇ ಚಾವಡಿಯಲ್ಲಿದ್ದೆ. ಕಿಟಕಿಯಿಂದ ಎಲ್ಲ ಕಂಡಿತು. ನೋಡಬಾರದಿತ್ತು, ಆದರೆ ನೋಡಿದೆ.

ಪುಟ್ಟಮ್ಮನ ಗಂಡ ಗುಂಡಿ ತೋಡಿದ. ಮೊಣಕಾಲು ಆಳಕ್ಕೆ ಹೋಗುವಷ್ಟರಲ್ಲಿ ತಳದಿಂದ ನೀರು ಎದ್ದಿತು. ಕೆಸರಲ್ಲ, ತಿಳಿ ನೀರು. ಮೊಗೆದು ಹಾಕಿದಷ್ಟೂ ಬರುತ್ತಿತ್ತು. ಕೊನೆಗೆ ಕೂಸನ್ನು ಇಟ್ಟರು. ಇಟ್ಟ ಕೈ ತೆಗೆದಾಗ ಬಿಳಿ ಬಟ್ಟೆಯ ಆ ಚಿಕ್ಕ ಗಂಟು ಮೆಲ್ಲಗೆ ಮೇಲೆ ಬಂತು. ಯಾರೋ ಒಬ್ಬರು ಹೋಗಿ ಬೇಲಿಯ ಬುಡದಿಂದ ಕಲ್ಲೊಂದನ್ನು ತಂದರು.

ಮಾರನೆಯ ವಾರ ಹಾಲಿನ ಚೆಂಬು ಇಟ್ಟು ಪುಟ್ಟಮ್ಮ ಅಲ್ಲೇ ನಿಂತಳು.

‘ಮೇಷ್ಟ್ರಮ್ಮ, ನೀವು ಕಿಟಕೀಲಿ ನೋಡುದ್ರಂತೆ. ಕಲ್ಲಿಟ್ರಂತಲ್ಲ, ಅದು ಬೋ ದೊಡ್ಡದಾ?’

‘ಇಲ್ಲ, ಚಿಕ್ಕದು’ ಅಂದೆ.

ಅವಳು ತಲೆಯಾಡಿಸಿ ಹೋದಳು. ಅವತ್ತಿನ ಹಾಲು ಕುಡಿಯಲು ನನಗೆ ಆಗಲಿಲ್ಲ.

ಊರಿನ ಗಂಡಸರು ಮೇಲಿಂದ ಮೇಲೆ ಅರ್ಜಿ ಹಾಕಿದ್ದರು. ಸುಗ್ಗಿಗೆ ಮುಂಚೆ, ಮಂಜು ಬೀಳುವ ಕಾಲದಲ್ಲಿ, ಇಲಾಖೆಯವರು ಬಂದರು. ಬಸಿಗಾಲುವೆ ತೋಡುತ್ತಾರಂತೆ, ಊರ ಕೆಳಗಿನ ನೀರೆಲ್ಲ ಇಳಿದು ಹೋಗುತ್ತದಂತೆ ಎಂದು ಹಬ್ಬದ ಸಂಭ್ರಮ. ಸರಪಳಿ ಎಳೆದು, ದುರ್ಬೀನು ನೋಡಿ, ಕೆಂಪು ತಲೆಯ ಗೂಟಗಳನ್ನು ಸಾಲಾಗಿ ಹೊಡೆದು ಹೋದರು. ಅವರು ಹೋದ ಮೇಲೆ ಜನ ಆ ಸಾಲಿನ ಜೊತೆ ನಡೆದು ನೋಡಿದರು. ಸಾಲು ಮಸಣದ ನಟ್ಟನಡುವೆ ಹಾದಿತ್ತು.

ಕಾರಣ ಸರಳ. ಅದು ಖರಾಬು ಜಮೀನು, ತಗ್ಗಿನದು, ಯಾರಿಗೂ ಪರಿಹಾರ ಕೊಡಬೇಕಿಲ್ಲ. ಇನ್ನೊಂದು ದಾರಿಯೆಂದರೆ ಪಕ್ಕದಲ್ಲೇ ಚಿಕ್ಕೇಗೌಡರ ಕಬ್ಬಿನ ಹೊಲ. ಸ್ವಲ್ಪ ದಿಬ್ಬ, ಆಳವಾಗಿ ತೋಡಬೇಕು. ಆದರೆ ಆಗದ ಮಾತಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಊರಿನ ಗಂಡಸರಲ್ಲಿ ಮುಕ್ಕಾಲು ಪಾಲು ಅವರ ಜಮೀನಿಗೋ ಮಾತಿಗೋ ಕಟ್ಟುಬಿದ್ದವರು. ನೀರು ಹೋದರೆ ಸಾಕು, ಸತ್ತವರು ಕ್ಷಮಿಸುತ್ತಾರೆ ಅಂದುಕೊಂಡು ಸುಮ್ಮನಾದರು.

ಮಾರನೆಯ ಬೆಳಿಗ್ಗೆ ಮಂಜು ಕರಗಿದಾಗ ಮಸಣದಲ್ಲಿ ಒಂದು ಗೂಟವೂ ಇರಲಿಲ್ಲ. ಅಷ್ಟೂ ಗೂಟಗಳು ಚಿಕ್ಕೇಗೌಡರ ಹೊಲದಲ್ಲಿ ನಿಂತಿದ್ದವು. ಎಸೆದದ್ದಲ್ಲ, ನೆಟ್ಟದ್ದು, ಒಂದಕ್ಕೊಂದು ಸರಿಯಾದ ಅಂತರದಲ್ಲಿ, ನೇರ ಸಾಲಿನಲ್ಲಿ.

ಇಲಾಖೆಯ ಆಳುಗಳು ಕಿತ್ತು ಮತ್ತೆ ಮಸಣಕ್ಕೆ ಹೊಡೆದರು. ಒಂದೆರಡು ದಿನ ಬಿಟ್ಟು ಅವು ಮತ್ತೆ ಹೊಲದಲ್ಲಿದ್ದವು. ರಾತ್ರಿಯಿಡೀ ಕಾವಲು ಕೂತ ಗಂಡಸರು ಯಾರನ್ನೂ ಕಾಣಲಿಲ್ಲವೆಂದು ಪ್ರಮಾಣ ಮಾಡಿದರು. ಊರಿನಲ್ಲಿ ಮಾತು ಹಬ್ಬಿತು. ಸತ್ತವರು ಒಪ್ಪುತ್ತಿಲ್ಲ. ಅವರೇ ಎದ್ದು ಕೀಳುತ್ತಿದ್ದಾರೆ. ಗುದ್ದಲಿ ಹಿಡಿಯುವ ಕೂಲಿಗಳು ಬರುವುದನ್ನೇ ಬಿಟ್ಟರು. ಒಂದು ಬೆಳಿಗ್ಗೆ ಚಿಕ್ಕೇಗೌಡರು ಹೊಲದ ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೆಲವನ್ನೇ ನೋಡುತ್ತಿದ್ದುದನ್ನು ಕಂಡೆ.

ಆಗ ಹಳ್ಳಿಗಳಲ್ಲಿ ಹೆಂಗಸರು ಬೆಳಕು ಹರಿಯುವ ಮುಂಚೆ ಬಯಲಿಗೆ ಹೋಗಬೇಕಿತ್ತು. ಗಂಡಸಾದವನು ಆ ಹೊತ್ತಿನಲ್ಲಿ ಆ ಕಡೆ ತಲೆಯೆತ್ತಿ ನೋಡುವಂತಿಲ್ಲ. ಕಾವಲುಗಾರರೂ ಬೆನ್ನು ತಿರುಗಿಸಿ ಕೂರುವ ಹೊತ್ತು ಅದೊಂದೇ. ನಾನೂ ಅಜ್ಜಿಯ ಜೊತೆಗೆ ಹೋಗುತ್ತಿದ್ದೆ. ಗೂಟ ಹೊಡೆದ ಹೊತ್ತಿಗೇ ಜ್ವರ ಬಂದು ನಾಲ್ಕು ದಿನ ಮನೆಯ ಹಿತ್ತಲಿಗಷ್ಟೇ ಹೋಗಿದ್ದೆ. ಜ್ವರ ಬಿಟ್ಟು ಮತ್ತೆ ಹೋದ ಮೊದಲ ಬೆಳಿಗ್ಗೆ, ಮಂಜಿನೊಳಗೆ ಆಕಾರಗಳು ಚಲಿಸುವುದು ಕಂಡಿತು. ತಲೆಯಿಂದ ಕಂಬಳಿ ಹೊದ್ದವು, ಮುಖವಿಲ್ಲದವು, ಒಂದರ ಹಿಂದೆ ಒಂದು. ಮಸಣದ ಕಡೆಯಿಂದ ಬರುತ್ತಿದ್ದವು. ಒಂದೂ ಸದ್ದಿಲ್ಲ. ಮೊದಲನೆಯದು ತೀರ ಹತ್ತಿರ ಬಂದು ಕಂಬಳಿ ಸರಿಸಿತು. ಪುಟ್ಟಮ್ಮ. ಕಂಕುಳಲ್ಲಿ ಕೂಸಿನಂತೆ ಅವುಚಿಕೊಂಡಿದ್ದದ್ದು ಗೂಟ.

ಅಜ್ಜಿ ನನ್ನ ಕೈ ಬಿಡಿಸಿಕೊಂಡು, ಕಾಲೆಳೆಯುತ್ತ ಮಗನ ಹೊಲದ ಬದುವಿನ ಮೇಲೆ ಹೋಗಿ ಕೂತರು. ಇಲ್ಲಿ ಎಂದು ಕೈ ತೋರಿಸಿದರು. ಅಲ್ಲೊಬ್ಬಳು ನೆಟ್ಟಳು. ಇನ್ನು ಅಲ್ಲಿ. ಇನ್ನೊಬ್ಬಳು ನೆಟ್ಟಳು. ಕೆಲಸ ಮುಗಿದಾಗ ಮೂಡಣ ಕೆಂಪಾಗುತ್ತಿತ್ತು, ಹೆಂಗಸರು ಚೆಂಬು ಹಿಡಿದು ಮನೆಗಳಿಗೆ ಹೋಗಿದ್ದರು. ಹಿಂದಿರುಗುವಾಗ ಅಜ್ಜಿ ನನ್ನ ಭುಜದ ಮೇಲೆ ಭಾರ ಹಾಕಿ ನಡೆದರು. ನಿಮ್ಮ ಮಗನ ಹೊಲವೇ ಅಲ್ಲವೇ ಅಜ್ಜಿ ಎಂದು ಕೇಳಿದೆ.

‘ಅದ್ಕೇ ಕಣವ್ವ’ ಅಂದರು. ‘ಬ್ಯಾರೆಯೋರ ಒಲ ಆಗಿದ್ರೆ ಗೂಟ ನೆಡ್ಸಾಕೆ ನಂಗೇನು ಅಕ್ಕಿತ್ತು?’

ಮಾಘ ಕಳೆದು ಕಬ್ಬು ಕಡಿದಾದ ಮೇಲೆ ಅಜ್ಜಿ ತೀರಿಕೊಂಡರು. ಬೆಳಿಗ್ಗೆ ಒಲೆಯ ಮುಂದೆ ಕೂತವರು ಹಾಗೆಯೇ ಗೋಡೆಗೆ ಒರಗಿದ್ದರು. ನಾಲೆಗೆ ನೀರು ನಿಲ್ಲಿಸಿದ್ದ ಕಾಲ. ಮಸಣ ಒಣಗಿರಬಹುದೆಂದು ಗುಂಡಿ ತೋಡಿದರು. ಸೊಂಟದಾಳಕ್ಕೆ ನೀರು ಬಂತು. ಪಕ್ಕದಲ್ಲಿ ತೋಡಿದರು, ಅಲ್ಲೂ ಬಂತು. ಹುಣಸೆಯ ಬುಡದಲ್ಲಿ ತೋಡಿದರು. ಸುಡು ಮಧ್ಯಾಹ್ನದಲ್ಲಿ ಮೂರು ಗುಂಡಿಗಳಲ್ಲಿ ಮೂರು ಸೂರ್ಯ ಮೇಲೆ ನೋಡುತ್ತಿದ್ದವು. ಚಟ್ಟ ನೆರಳಿನಲ್ಲಿ ಕಾಯುತ್ತಿತ್ತು. ನೊಣ ಓಡಿಸುತ್ತಿದ್ದ ಕೈಗಳು ಸೋತವು. ಪಕ್ಕದ ಊರಿನ ಮಸಣಕ್ಕೆ ಹೇಳಿ ಕಳಿಸಿದರೆ ಅವರು ಒಪ್ಪಲಿಲ್ಲ. ಕೊನೆಗೆ ಚಿಕ್ಕೇಗೌಡರು ಎದ್ದು ನಿಂತು, ನಮ್ಮ ಹೊಲಕ್ಕೆ ನಡೀರಿ ಅಂದರು.

ಹೊಲದಲ್ಲಿ ಅವರೇ ಹೋಗಿ ಜಾಗ ತೋರಿಸಿದರು. ಮಣ್ಣು ಕೆಳಗಿನವರೆಗೂ ಒಣಗಿತ್ತು. ಬೀದಿಯ ಕೊನೆಯಲ್ಲಿ ನಿಂತಿದ್ದ ನಾವು ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಗೂಟಗಳನ್ನು ಆ ಹೊತ್ತಿಗೆ ಇಲಾಖೆಯವರು ಕಿತ್ತೊಯ್ದಿದ್ದರು. ಆದರೆ ಅವು ಎಲ್ಲಿದ್ದವೆಂಬುದು ನಮಗೆ ಗೊತ್ತಿತ್ತು. ಗುಂಡಿ ಆ ಸಾಲಿನ ಮೇಲೆಯೇ ಇತ್ತು.

ಯುಗಾದಿಯ ಆಸುಪಾಸಿನಲ್ಲಿ ಇಂಜಿನಿಯರ್ ಸಾಹೇಬರು ಜೀಪಿನಲ್ಲಿ ಬಂದರು. ಗೂಟದ ಗಲಾಟೆ ಮೇಲಿನವರೆಗೆ ಹೋಗಿತ್ತು. ಊರಿನವರನ್ನು ಕೇಳಿಯೇ ತೀರ್ಮಾನ ಮಾಡಿ ಎಂದು ಅವರಿಗೆ ಹೇಳಿದ್ದರಂತೆ. ಹಿಂದಿನ ದಿನ ಪುಟ್ಟಮ್ಮ ಬಂದು, ಸಾಹೇಬರ ಹತ್ತಿರ ಹೇಗೆ ಮಾತಾಡಬೇಕು ಎಂದು ಕೇಳಿದ್ದಳು. ನೀವೇ ಹೇಳಿಬಿಡಿ ಎಂದೂ ಅಂದಳು. ನಾನು ಹೇಳಿದರೆ ಹೊರಗಿನವಳ ಮಾತಾಗುತ್ತದೆ, ನೀನು ಎದ್ದು ನಿಂತು ಹೇಳು, ಅಷ್ಟೇ ಸಾಕು ಅಂದೆ.

ಸಭೆ ನನ್ನ ಚಾವಡಿಯಲ್ಲೇ. ಗಂಡಸರು ಒಳಗೆ, ಹೆಂಗಸರು ಬಾಗಿಲಾಚೆ ಬಿಸಿಲಿನಲ್ಲಿ. ಚಿಕ್ಕೇಗೌಡರು ಮುಂದಿನ ಬೆಂಚಿನಲ್ಲಿ. ಸಾಹೇಬರು ನಕ್ಷೆ ಬಿಚ್ಚಿ, ಸ್ಮಶಾನದ ಮೂಲಕ ತೋಡಿದರೆ ಬೇಗ ಮುಗಿಯುತ್ತದೆ, ಹೊಲದಲ್ಲಿ ಈಗ ಸಮಾಧಿ ಬೇರೆ ಇದೆಯೆಂದು ಕೇಳಿದ್ದೇನೆ, ಯಾರದಾದರೂ ಆಕ್ಷೇಪಣೆ ಇದ್ದರೆ ಹೇಳಬಹುದು ಅಂದರು.

ಯಾರೂ ಉಸಿರೆತ್ತಲಿಲ್ಲ. ಆ ನಿಶ್ಶಬ್ದದಲ್ಲಿ, ಸಾಹೇಬರ ಕುರ್ಚಿಯ ಕೆಳಗಿನ ನೆಲದೊಳಗಿಂದ ಗುಳುಕ್ ಎಂದು ಸದ್ದಾಯಿತು. ಅವರು ಕಾಲು ಎತ್ತಿಕೊಂಡರು. ಏನದು ಎಂದು ಕೇಳಿದರು. ದೂರದಲ್ಲಿ ಇನ್ನೊಂದು ಹಗೇವು ಉತ್ತರ ಕೊಟ್ಟಿತು.

ಪುಟ್ಟಮ್ಮ ಹೊಸ್ತಿಲು ದಾಟಿ ಒಳಗೆ ಬಂದಳು. ಸೆರಗು ತಲೆಯ ಮೇಲಿತ್ತು.

‘ಸಾಮಿ, ನನ್ ಕೂಸು ಅಲ್ಲಿ ಕಲ್ಲಡೀಲಿ ಐತೆ. ನಿಮ್ಮ ಆಳು ಗುದ್ಲಿ ಆಕುದ್ರೆ ಮೊದ್ಲು ಆ ಕಲ್ಲಿಗೇ ತಾಕ್ತದೆ. ಎಲ್ಲರ ಮನೇವ್ರೂ ಅಲ್ಲವ್ರೆ. ಕಾಲ್ವೆ ಗೌಡ್ರ ಒಲದಾಗೆ ಓಗ್ಲಿ. ಅಲ್ಲಿರೋಳು ಒಬ್ಳೇ. ದೊಡ್ಡವ್ವನ್ನ ನಾವು ಎಂಗಸ್ರೇ ಎತ್ತಿ ಬ್ಯಾರೆ ಕಡೆ ಮಲಗುಸ್ತೀವಿ. ಆವಮ್ಮ ಬ್ಯಾಡ ಅನ್ನಾಕಿಲ್ಲ.’

ಬಾಗಿಲಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಬಂದು ಗೋಡೆಯುದ್ದಕ್ಕೂ ನಿಂತರು. ಅವರ ಗಂಡಂದಿರು ತಲೆ ತಗ್ಗಿಸಿದರು. ಸಾಹೇಬರು ಚಿಕ್ಕೇಗೌಡರ ಕಡೆ ನೋಡಿದರು.

ಗೌಡರು ಎದ್ದು ನಿಲ್ಲದೆ, ಯಾರ ಮುಖವನ್ನೂ ನೋಡದೆ ಮಾತಾಡಿದರು.

‘ಗೂಟ ಕಿತ್ತೋರು ಯಾರು ಅಂತ ನಂಗೆ ಅವಾಗ್ಲೇ ಗೊತ್ತಾಯ್ತು. ಬದುಮೇಲೆ ನಮ್ಮವ್ವ ಕಾಲೆಳೆದ ಗುರುತಿತ್ತು. ಬದುಕಿದ್ದಾಗ ಕೇಳಾಕೆ ಧೈರ್ಯ ಬರ್ನಿಲ್ಲ. ಒಣನೆಲ ನಂಗೆ ಬ್ಯಾರೆ ಕಡೇನೂ ಇತ್ತು ಸಾಮಿ. ಎಣದ ಮೇಲೆ ಯಾರೂ ಕಾಲ್ವೆ ತೋಡಾಕಿಲ್ಲ ಅಂತ ಅವಳ್ನ ಅಲ್ಲಿ ಅಡ್ಡ ಮಲಗಿಸ್ದೆ.’

ಗೌಡರು ಹೆಗಲ ಮೇಲಿನ ಟವಲು ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

‘ಅವಳ್ನ ಎತ್ತಬ್ಯಾಡಿ’ ಅಂದರು. ‘ಕಾಲ್ವೆ ಅವಳ್ನ ಸುತ್ಕಂಡು ಓಗ್ಲಿ. ಎಷ್ಟು ನೆಲ ಬೇಕೋ ತಕಳಿ.’

ಬೇಸಿಗೆಯಲ್ಲಿ ಕಾಲುವೆ ತೋಡಿದರು. ನೇರ ಬಂದ ಸಾಲು ಗೌಡರ ಹೊಲದಲ್ಲಿ ಬಿಲ್ಲಿನಂತೆ ಬಾಗಿ, ಸಮಾಧಿಯನ್ನು ಬಳಸಿಕೊಂಡು ಮತ್ತೆ ನೇರವಾಯಿತು. ಕೂಲಿಗಳು ಸಾಲದೆ ಊರಿನವರೇ ಗುದ್ದಲಿ ಹಿಡಿದರು. ಆ ಬಾಗಿನ ಜಾಗದಲ್ಲಿ ಗೌಡರು ಬೇರೆಯವರಿಗೆ ಗುದ್ದಲಿ ಕೊಡಲಿಲ್ಲ. ನೀರು ಇಳಿಯತೊಡಗಿತು. ನೆಲ ಮೊದಲು ಬಣ್ಣ ಬದಲಿಸಿತು, ಆಮೇಲೆ ಬಿರಿಯಿತು. ಒಂದೆರಡು ಹಳೆಯ ಗೋಡೆಗಳು ಒಣಗಿದ್ದಕ್ಕೇ ಬಿದ್ದವು. ಹಗೇವುಗಳು ಸದ್ದು ನಿಲ್ಲಿಸಿದವು. ಮಧ್ಯಾಹ್ನಗಳಲ್ಲಿ ಹೆಂಗಸರು ಮಾತಿನ ನಡುವೆ ತಟ್ಟನೆ ನಿಲ್ಲಿಸಿ, ಬಾರದ ಸದ್ದಿಗೆ ಕಿವಿಗೊಡುವುದನ್ನು ನೋಡಿದ್ದೇನೆ.

ಮಸಣವೂ ಒಣಗಿತು. ಒಂದು ಬೆಳಿಗ್ಗೆ ಚಾವಡಿಯ ಕಿಟಕಿ ತೆಗೆದರೆ, ಅಷ್ಟು ವರ್ಷ ಸಮತಟ್ಟಾಗಿದ್ದ ಹುಲ್ಲುನೆಲ ಅಲ್ಲಲ್ಲಿ ಕುಸಿದಿತ್ತು. ಒಬ್ಬೊಬ್ಬರು ಮಲಗಿದ್ದ ಜಾಗ ಒಂದೊಂದು ತೊಟ್ಟಿಲಿನಂತೆ ತಗ್ಗಾಗಿ, ಉದ್ದದವರು, ಗಿಡ್ಡದವರು, ಮಕ್ಕಳು, ಎಲ್ಲರೂ ಅಳತೆ ಸಮೇತ ಕಾಣುತ್ತಿದ್ದರು. ಅಂದು ಊರಿನ ಹೆಂಗಸರು ಪದ್ಧತಿ ಮೀರಿ ಹಗಲಿನಲ್ಲೇ ಒಳಗೆ ಹೋದರು. ಯಾರೂ ತಡೆಯಲಿಲ್ಲ. ತಮ್ಮತಮ್ಮವರನ್ನು ಗುರುತು ಹಿಡಿದು, ಮಕ್ಕರಿಯಲ್ಲಿ ಮಣ್ಣು ಹೊತ್ತು ತಗ್ಗು ತುಂಬಿದರು. ಪುಟ್ಟಮ್ಮ ಮಾತ್ರ ಮೊದಲು ಕೈಯಲ್ಲೇ ಬಗೆದು ಆ ಕಲ್ಲು ಎತ್ತಿ ಹೊರಗಿಟ್ಟು, ಆಮೇಲೆ ಮಣ್ಣು ಹಾಕಿದಳು. ಆ ಕಲ್ಲು ಚಿಕ್ಕದಾಗಿರಲಿಲ್ಲ. ಅವಳು ನನ್ನನ್ನು ಏನೂ ಕೇಳಲಿಲ್ಲ.

ಮತ್ತೆ ಜೂನ್ ಬಂದಾಗ ನನಗೆ ನಿಡಘಟ್ಟದ ಕಡೆಗೆ ವರ್ಗವಾಯಿತು. ಬಸ್ಸಿನವರೆಗೆ ಟ್ರಂಕು ಹೊತ್ತು ತರಲು ಪುಟ್ಟಮ್ಮ ಬಂದಳು. ಬಸಿಗಾಲುವೆಯ ದಂಡೆಯ ಮೇಲೆ ಹೊಸ ದಾರಿಯಾಗಿತ್ತು. ಹಿಂದಿನ ದಿನ ಮಳೆ ಬಿದ್ದು ಕಾಲುವೆ ತುಂಬಿತ್ತು. ಡಿಕಾಕ್ಷನ್ ಬಣ್ಣದ ನೀರು, ಮೇಲೆ ಎಣ್ಣೆಯಂಥ ಹೊಳಪು, ಸದ್ದೇ ಇಲ್ಲದ ಹರಿವು. ಬಾಗಿನ ಹತ್ತಿರ ಅವಳು ಟ್ರಂಕು ಇಳಿಸಿ ನಿಂತಳು.

‘ಇಷ್ಟೂ ನಮ್ಮೋರ್ನ ಮುಟ್ಟಿ ಬಂದ ನೀರು ಕಣಮ್ಮ’ ಅಂದಳು. ‘ಎಲ್ಲಿಗೆ ಓಯ್ತದೆ ಇದು?’

ಶಿಂಷಾ ನದಿಗೆ, ಅಲ್ಲಿಂದ ಕಾವೇರಿಗೆ ಎಂದು ಪಾಠ ಹೇಳಿದ ಹಾಗೆ ಹೇಳಿದೆ.

‘ಆ ಕಡೆ ಊರುಗಳು ಅವಾ?’

‘ಇವೆ.’

‘ಕುಡಿಯಾಕೆ ಇದೇ ನೀರಾ ಅವ್ರಿಗೆ?’

‘ಇದೇ.’

ಅವಳು ನೀರು ಹೋಗುವ ಕಡೆಗೇ ನೋಡುತ್ತಿದ್ದಳು. ಮೋಡ ಕವಿದು, ತಿರುವಿನಾಚೆ ಕಾಲುವೆ ಎಲ್ಲಿಗೆ ಹೋಗುತ್ತದೆಂದು ಕಾಣುತ್ತಿರಲಿಲ್ಲ.

‘ಅವ್ರನ್ನ ಯಾರಾದ್ರೂ ಕೇಳುದ್ರಾ ಮೇಷ್ಟ್ರಮ್ಮ?’

ನಾನು ಟ್ರಂಕಿನ ಹಿಡಿಗೆ ಕೈ ಹಾಕಿದೆ. ಪುಟ್ಟಮ್ಮ ಬಗ್ಗಿ, ನೀರಿಗೆ ಬೆರಳು ತಾಕಿಸಿ ಕಣ್ಣಿಗೊತ್ತಿಕೊಂಡು, ಟ್ರಂಕನ್ನು ತಲೆಗೇರಿಸಿ ಮುಂದೆ ನಡೆದಳು.